ಪಶುವೈದ್ಯೆಯ ಕಾರಿನ ಕೆಂಪು ದೀಪ

ಆ ಗ್ಯಾರೇಜಿನಲ್ಲಿ ಎಂಜಿನ್ ಕೆಲಸ ಗಂಡನದು, ವೈರಿಂಗ್ ಕೆಲಸ ತಮ್ಮನದು, ಉಳಿದದ್ದೆಲ್ಲ ಅಕ್ಕನದು. ಉಳಿದದ್ದು ಎಂದರೆ ಫೋನು, ಬೀಗದ ಕೈಗಳು, ಸಿಟ್ಟಾದ ಗಿರಾಕಿಗಳು, ಚಹಾ, ಮತ್ತು ಹೆಚ್ಚುಕಡಿಮೆ ಒಂದು ವರ್ಷದಿಂದ ಗಂಡ ಹಾಗೂ ತಮ್ಮನ ನಡುವಿನ ಅಷ್ಟೂ ಮಾತುಕತೆ. ಯಾಕೆಂದರೆ ಭಾವ-ಭಾವಮೈದ ಇಬ್ಬರೂ ಮಾತು ಬಿಟ್ಟಿದ್ದರು.

ಮಾತು ಬಿಡುವುದಕ್ಕೆ ಆಸ್ತಿ ಪಾಸ್ತಿಯ ಜಗಳವೇನೂ ಆಗಿರಲಿಲ್ಲ. ಯಾರೋ ಗಿರಾಕಿಯ ಮುಂದೆ ತಮ್ಮ ತಮಾಷೆಗೆ, "ಎಂಜಿನ್ ಕೆಲಸಕ್ಕೆ ತಲೆ ಬೇಡ ಸಾರ್, ತೋಳಿದ್ರೆ ಸಾಕು" ಅಂದಿದ್ದ. ಅದೇ ಕಾರಿನ ಕೆಳಗೆ ಮಲಗಿದ್ದ ಗಂಡ ಗ್ರೀಸು ಮೆತ್ತಿದ ಮುಖವನ್ನು ಹೊರಗೆ ಚಾಚಿ, "ವೈರು ಜೋಡಿಸೋಕೆ ತೋಳೂ ಬೇಡ ಬಿಡಿ" ಅಂದ. ಗಿರಾಕಿ ಎರಡಕ್ಕೂ ನಕ್ಕ. ಆದರೆ ಎರಡನೆಯದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ನಕ್ಕ. ಅಷ್ಟೇ. ಮಾರನೆಯ ದಿನದಿಂದ ತಮ್ಮನ ಬಾಯಲ್ಲಿ 'ಭಾವ' ಹೋಗಿ 'ನಿನ್ನ ಗಂಡ' ಬಂತು, ಗಂಡನ ಬಾಯಲ್ಲಿ ತಮ್ಮನ ಅಡ್ಡಹೆಸರು ಹೋಗಿ 'ನಿನ್ನ ತಮ್ಮ' ಬಂತು. ನಕ್ಕ ಗಿರಾಕಿ ಮಾತ್ರ ಕಾರು ತೆಗೆದುಕೊಂಡು ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಮೊದಮೊದಲು ಅಕ್ಕ ಹೇಳಿದ್ದನ್ನು ಹೇಳಿದ ಹಾಗೆಯೇ ದಾಟಿಸಿ ನೋಡಿದಳು. ಒಂದೇ ವಾರದಲ್ಲಿ ಎರಡು ಸ್ಪ್ಯಾನರು ಹಾರಿ ಗೋಡೆಗೆ ಬಡಿದವು. ಆಮೇಲೆ ಅವಳು ಬುದ್ಧಿ ಕಲಿತಳು. "ಆ ಜ್ಯಾಕನ್ನ ಅವರಪ್ಪನ ಮನೆ ಆಸ್ತಿ ಥರ ಅಪ್ಪಿಕೊಂಡು ಕೂರೋದು ಬೇಡ ಅಂತ ಹೇಳು ನಿನ್ನ ಗಂಡನಿಗೆ" ಎಂದು ತಮ್ಮ ಸಿಡುಕಿದರೆ, ಅವಳು ಆ ಕಡೆ ಹೋಗಿ, "ಬಿಡುವಾದಾಗ ದಯವಿಟ್ಟು ಜ್ಯಾಕ್ ಕೊಡಬೇಕಂತೆ" ಅನ್ನುತ್ತಿದ್ದಳು. "ಕಣ್ಣು ಕಾಣಲ್ವಂತಾ ಅವನಿಗೆ? ಮೇಲೆ ಗಾಡಿ ನಿಂತಿದೆ" ಎಂದು ಗಂಡ ಗುಡುಗಿದರೆ, ಈ ಕಡೆ ಬಂದು, "ಕೆಲಸ ಮುಗಿದ ತಕ್ಷಣ ಅವರೇ ತಂದುಕೊಡ್ತಾರಂತೆ, ಬೇಜಾರು ಮಾಡ್ಕೋಬಾರದಂತೆ" ಅನ್ನುತ್ತಿದ್ದಳು. ಕಲ್ಲು ಆರಿಸಿ ಅಕ್ಕಿ ಕೊಟ್ಟ ಹಾಗೆ. ಈ ಕೆಲಸದಲ್ಲಿ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು. ತಾನಿಲ್ಲದಿದ್ದರೆ ಈ ಗ್ಯಾರೇಜಿನ ಶಟರು ಎಂದೋ ಶಾಶ್ವತವಾಗಿ ಕೆಳಗಿಳಿಯುತ್ತಿತ್ತು ಎಂದು ಅವಳು ನಂಬಿದ್ದಳು. ನಂಬದೆ ಇನ್ನೇನು ಮಾಡುತ್ತಾಳೆ? ಅಲ್ಲ ಎಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ, ಹೇಳುವವರಿಗೆಲ್ಲ ಅವಳೇ ಬೇಕಿತ್ತು.

ಹೀಗಿರುವಾಗ ಪಶುವೈದ್ಯೆಯ ಕಾರು ಬಂತು.

ಬೂದು ಬಣ್ಣದ ಹಳೆಯ ಕಾರು. ಹಿಂದಿನ ಸೀಟಿನ ತುಂಬ ನಾಯಿ ಬೆಕ್ಕುಗಳ ಕೂದಲು, ಒಳಗೆಲ್ಲ ಔಷಧಿಯ ವಾಸನೆ. ವೈದ್ಯೆ ಎತ್ತರದ ಹೆಂಗಸು. ತೋಳು ಮಡಿಸಿದ ಅಂಗಿ, ಮುಂಗೈ ತುಂಬ ಪರಚಿದ ಗೆರೆಗಳು. ಕೌಂಟರಿನ ಮೇಲೆ ಕೀಲಿ ಇಟ್ಟು ರೋಗಲಕ್ಷಣ ಹೇಳಿದಳು.

"ಓಡಿಸುವಾಗ ಬ್ಯಾಟರಿಯ ಕೆಂಪು ದೀಪ ಮಂಕಾಗಿ ಉರಿಯುತ್ತೆ. ಹೆಡ್‌ಲೈಟ್ ಹಾಕಿದ್ರೆ ಇನ್ನೂ ಜೋರಾಗುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ನರಳುತ್ತೆ. ನಿನ್ನೆ ಒಂದು ಹಸು ಕರು ಹಾಕೋದಿತ್ತು, ಹೊರಡೋಣ ಅಂದ್ರೆ ಗಾಡಿ ಗೇಟಿನಲ್ಲೇ ಸತ್ತುಹೋಯ್ತು. ಪುಣ್ಯಕ್ಕೆ ಕರು ನನ್ನ ದಾರಿ ಕಾಯಲಿಲ್ಲ."

"ಬೇರೆ ಏನಾದ್ರೂ ತೊಂದರೆ?" ಅಕ್ಕ ಕೇಳಿದಳು.

"ಆಕ್ಸಿಲರೇಟರ್ ಒತ್ತೋಕೆ ಸ್ವಲ್ಪ ಬಿಗಿ. ಅದೇನು ದೊಡ್ಡದಲ್ಲ."

ಕೆಂಪು ದೀಪ ತಮ್ಮನ ಪಾಲಿಗೆ ಹೋಯಿತು, ಆಕ್ಸಿಲರೇಟರ್ ಗಂಡನ ಪಾಲಿಗೆ. ಒಂದೇ ಕಾರು, ಒಂದೇ ಬಾನೆಟ್ಟು. ಆದರೆ ತಮ್ಮ ಅದರೊಳಗೆ ತಲೆ ಹಾಕಿದಾಗ ಗಂಡ ಇನ್ನೊಂದು ಗಾಡಿಯ ಚಕ್ರ ಬಿಚ್ಚುತ್ತಿದ್ದ, ಗಂಡ ತಲೆ ಹಾಕಿದಾಗ ತಮ್ಮ ಹೊರಗೆ ನಿಂತು ಆಕಾಶ ನೋಡುತ್ತಿದ್ದ.

ತಮ್ಮ ಮೀಟರು ಹಿಡಿದು ನೋಡಿ ಅಕ್ಕನನ್ನು ಕರೆದ. "ನೋಡು, ಬ್ಯಾಟರಿ ಮುದಿಯಾಗಿದೆ, ಹೊಸದು ಹಾಕ್ತೀನಿ. ಆದ್ರೆ ಅದಕ್ಕೆ ಕರೆಂಟು ತುಂಬಬೇಕಾದ ಆಲ್ಟರ್ನೇಟರ್ ಕಲ್ಲುಗುಂಡಿನ ಹಾಗಿದೆ. ಅದರ ಮೈಮೇಲೇ ಇಟ್ಟು ನೋಡಿದೆ, ಹದಿನಾಲ್ಕೂವರೆ ವೋಲ್ಟು. ಬ್ಯಾಟರಿ ಹತ್ರ ಬಂದ್ರೆ ಹನ್ನೆರಡೂವರೆ. ಭಾರ ಬಿದ್ದಾಗ ಬೆಲ್ಟ್ ಜಾರ್ತಿದೆ, ಅಷ್ಟೇ. ಬೆಲ್ಟ್ ಬಿಗಿ ಮಾಡೋಕೂ ಬರಲ್ವಾ ಅಂತ ಕೇಳು ನಿನ್ನ ಗಂಡನ್ನ."

"ಬೆಲ್ಟ್ ಒಂದ್ಸಲ ನೋಡಿದ್ರೆ ಉಪಕಾರ ಆಗುತ್ತಂತೆ," ಅಕ್ಕ ಆ ಕಡೆ ಹೇಳಿದಳು.

ಗಂಡ ಬೆಲ್ಟನ್ನು ಬೆರಳಿನಿಂದ ಒತ್ತಿ ನೋಡಿದ. ಏನೂ ಆಗಿರಲಿಲ್ಲ. ಆದರೂ ಹೊಸದನ್ನೇ ಹಾಕಿದ, ನಾಳೆ ಯಾರೂ ತನ್ನ ಕಡೆ ಬೆರಳು ತೋರಿಸಬಾರದು ಅಂತ. ಬೇರೆ ದಿನಗಳಾಗಿದ್ದರೆ ತಮ್ಮ ಅರ್ಧ ಗಂಟೆಯಲ್ಲಿ ಈ ಕಾಯಿಲೆಯ ಬುಡ ಹಿಡಿಯುತ್ತಿದ್ದ. ಕೆಲಸದಲ್ಲಿ ಅವನು ಅಂಥ ಚುರುಕು. ಆದರೆ ಈಗ ಅವನು ತಪ್ಪು ಎಲ್ಲಿದೆ ಎಂದು ಹುಡುಕುತ್ತಿರಲಿಲ್ಲ, ಯಾರದ್ದು ಎಂದು ಹುಡುಕುತ್ತಿದ್ದ. ಗಂಡನೂ ಅಷ್ಟೇ. ಹುಡುಕಿದ್ದು ಇಬ್ಬರಿಗೂ ಬೇಗನೆ ಸಿಕ್ಕಿತು.

ಕೆಲವೇ ದಿನಗಳಲ್ಲಿ ವೈದ್ಯೆ ಮತ್ತೆ ಬಂದಳು. ಹೊಸ ಬ್ಯಾಟರಿ, ಹೊಸ ಬೆಲ್ಟು, ಅದೇ ಹಳೆಯ ಕೆಂಪು ದೀಪ.

"ಬೆಲ್ಟ್ ಹೊಸದು ಹಾಕಿ ಆಯ್ತು. ಇನ್ನೂ ನನ್ನ ಮೇಲೇ ಗೂಬೆ ಕೂರಿಸ್ತಾನಾ ಕೇಳು," ಎಂದ ಗಂಡ. "ಆಲ್ಟರ್ನೇಟರ್ ಬಿಚ್ಚಿ ನೋಡೋಕೆ ಹೇಳು, ಸೋಮಾರಿ."

"ಆಲ್ಟರ್ನೇಟರ್ ಒಂದ್ಸಲ ಬಿಚ್ಚಿ ನೋಡಿದ್ರೆ ಒಳ್ಳೇದು ಅಂತ ಅವರ ಅಭಿಪ್ರಾಯ," ಎಂದಳು ಅಕ್ಕ.

'ಅಭಿಪ್ರಾಯ' ಎಂಬ ಪದ ಕೇಳಿ ತಮ್ಮನ ಮುಖ ಗಂಟಿಕ್ಕಿತು. ಆದರೂ ಬಿಚ್ಚಿದ. ಒಳಗಿನ ಬ್ರಷ್ಷುಗಳನ್ನು ಬದಲಾಯಿಸಿದ, ಬೆಂಚಿನ ಮೇಲಿಟ್ಟು ಓಡಿಸಿದ. ಅದು ಮೊದಲಿನಂತೆಯೇ ಮುತ್ತಿನಂಥ ಹದಿನಾಲ್ಕೂವರೆ ಕೊಟ್ಟಿತು. ಅತ್ತ ಗಂಡ ಆಕ್ಸಿಲರೇಟರ್ ಕೇಬಲನ್ನು ಎಳೆದು ತೆಗೆದು ಹಿಡಿದುಕೊಂಡು ಬಂದ. ಅದರ ಕಪ್ಪು ಕವಚ ಅಲ್ಲಲ್ಲಿ ಮೆತ್ತಗಾಗಿ, ಸುಟ್ಟ ಹಾಗೆ ಸುಕ್ಕುಗಟ್ಟಿತ್ತು.

"ಇದರ ಅಕ್ಕಪಕ್ಕ ಬಿಸಿಯಾಗೋದು ಯಾವುದೂ ಇಲ್ಲ. ಮತ್ತೆ ಇದು ಯಾಕೆ ಬೆಂದುಹೋಗಿದೆ ಅಂತ ನಿನ್ನ ತಮ್ಮನ ಆ ದೊಡ್ಡ ತಲೆಗೇನಾದ್ರೂ ಹೊಳೆಯುತ್ತಾ ಕೇಳು. ತಲೆ ಇರೋದು ಅವನಿಗೆ ತಾನೇ."

ಅಕ್ಕ ಕೇಬಲ್ಲನ್ನು ನೋಡಿದಳು, ಗಂಡನ ಮುಖವನ್ನು ನೋಡಿದಳು. ಇದರಲ್ಲಿ ಚುಚ್ಚುಮಾತು ಬಿಟ್ಟರೆ ಬೇರೇನೂ ಕಾಣಲಿಲ್ಲ. ಇದನ್ನು ಎಷ್ಟು ತೊಳೆದರೂ ಬಿಳಿಯಾಗುವುದಿಲ್ಲ ಎಂದುಕೊಂಡು ಆ ಮಾತನ್ನು ದಾರಿಯಲ್ಲೇ ನುಂಗಿಬಿಟ್ಟಳು. ತಮ್ಮನ ಹತ್ತಿರ ಹೋಗಿ, "ಕೇಬಲ್ ಹೊಸದು ಹಾಕಿದ್ರಂತೆ" ಅಂದಳು. ತಮ್ಮ, "ಸಂತೋಷ" ಅಂದ.

ಮೂರನೆಯ ಸಲ ಕಾರು ತಾನಾಗಿ ಬರಲಿಲ್ಲ. ಹಾಲಿನ ವ್ಯಾನೊಂದು ಹಗ್ಗ ಕಟ್ಟಿ ಎಳೆದು ತಂದಿತು. ಒಳಗೆ ಸ್ಟಿಯರಿಂಗ್ ಹಿಡಿದು ಕೂತಿದ್ದ ವೈದ್ಯೆ ಇಳಿದವಳೇ ಗಿರಾಕಿಗಳ ಬೆಂಚಿನ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತಳು.

"ಗಾಡಿ ಸರಿಯಾಗೋ ತನಕ ನಾನು ಇಲ್ಲಿಂದ ಏಳಲ್ಲ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಇನ್ನೂ ಹೆದರಿಕೆ ಹುಟ್ಟಿಸಿತು.

ಗಂಡ ಬಾನೆಟ್ ಎತ್ತಿ ನೋಡಿ, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರನ್ನೇ ಬದಲಾಯಿಸಿಬಿಡುತ್ತೇನೆ, ಆಮೇಲೆ ಯಾರು ಬಾಯಿ ತೆರೆಯುತ್ತಾರೋ ನೋಡುತ್ತೇನೆ ಎಂದು ಸ್ಕೂಟರ್ ಹತ್ತಿ ಬಿಡಿಭಾಗದ ಅಂಗಡಿಗೆ ಹೊರಟ. ಅವನು ಬೀದಿ ತಿರುಗಿದ್ದನ್ನು ನೋಡಿಕೊಂಡು ತಮ್ಮ, ಇಡೀ ಆಲ್ಟರ್ನೇಟರನ್ನೇ ಹೊಸದು ಹಾಕಿ ಅವರ ಬಾಯಿಗೆ ಬೀಗ ಜಡಿಯುತ್ತೇನೆ ಎಂದು ಬೈಕ್ ಹತ್ತಿ ಅದೇ ಅಂಗಡಿಗೆ ಇನ್ನೊಂದು ದಾರಿಯಲ್ಲಿ ಹೊರಟ.

ಗ್ಯಾರೇಜಿನಲ್ಲಿ ಉಳಿದದ್ದು ಅಕ್ಕ, ವೈದ್ಯೆ ಮತ್ತು ರೋಗಿ.

"ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ," ಎಂದಳು ವೈದ್ಯೆ. "ನಿಮ್ಮ ಈ ಇಬ್ಬರು ಡಾಕ್ಟರು ಒಬ್ಬರಿಗೊಬ್ಬರು ಮಾತಾಡಲ್ವಾ?"

ಅಕ್ಕನಿಗೆ ನಾಚಿಕೆಯಾಯಿತು. "ನಾನೇ ಆ ಕಡೆದು ಈ ಕಡೆ, ಈ ಕಡೆದು ಆ ಕಡೆ ಹೇಳ್ತೀನಿ."

"ಏನೇನು ಹೇಳಿದ್ರು, ನನಗೂ ಹೇಳಿ. ನನ್ನ ರೋಗಿಗಳೂ ಬಾಯಿ ಬಿಟ್ಟು ಹೇಳಲ್ಲ, ಅವುಗಳ ಯಜಮಾನರು ಹೇಳಿದ್ದನ್ನೇ ಕೇಳಿ ಔಷಧಿ ಕೊಡೋದು."

ಅಕ್ಕ ಶುರುಮಾಡಿದಳು. ಎದುರಿಗೆ ಕೂತವಳು ಗಂಡನೂ ಅಲ್ಲ, ತಮ್ಮನೂ ಅಲ್ಲ. ಹಾಗಾಗಿ ತೊಳೆಯುವ ಗೋಜಿಗೆ ಹೋಗದೆ ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದಳು. ಸೋಮಾರಿ, ದೊಡ್ಡ ತಲೆ, ಗೂಬೆ, ಎಲ್ಲವನ್ನೂ. ಹಾಗೆ ಹೇಳುವಾಗ ಎದೆಯ ಮೇಲಿನ ಭಾರ ಇಳಿದ ಹಾಗಾಗಿ ದನಿ ಕೂಡ ಏರಿತು. ಆಲ್ಟರ್ನೇಟರ್ ಹತ್ತಿರ ಹದಿನಾಲ್ಕೂವರೆ, ಬ್ಯಾಟರಿಯ ಹತ್ತಿರ ಹನ್ನೆರಡೂವರೆ ಎಂದಳು. ಕೇಬಲ್ ಬೆಂದುಹೋಗಿತ್ತು, ಅಕ್ಕಪಕ್ಕ ಬಿಸಿಯಾಗುವಂಥದ್ದು ಏನೂ ಇರಲಿಲ್ಲ ಎಂದಳು.

"ನಿಲ್ಲಿ," ಎಂದಳು ವೈದ್ಯೆ. "ಕೇಬಲ್ ತಾನಾಗೇ ಬಿಸಿಯಾಗಿತ್ತಾ? ಹಾಗಾದ್ರೆ ಅದರಲ್ಲಿ ಹರೀಬಾರದ್ದು ಏನೋ ಹರೀತಿದೆ. ದೊಡ್ಡ ರಕ್ತನಾಳ ಕಟ್ಟಿಕೊಂಡ್ರೆ ಪಕ್ಕದ ಬಡಪಾಯಿ ನಾಳ ಊದಿಕೊಳ್ಳುತ್ತೆ, ಹಾಗೆ."

ಅಕ್ಕನಿಗೆ ತಮ್ಮನ ಹಳೆಯ ಪಾಠ ನೆನಪಾಯಿತು. ತಮ್ಮ ಕೆಲಸ ಕಲಿಯುವ ಕಾಲದಲ್ಲಿ ಪರೀಕ್ಷೆಗೆ ಪಾಠ ಒಪ್ಪಿಸುತ್ತಿದ್ದುದು ಅವಳ ಮುಂದೆಯೇ. ಕರೆಂಟು ಹೋಗುವುದು ತಂತಿಯಲ್ಲಿ, ವಾಪಸು ಬರುವುದು ಗಾಡಿಯ ಮೈಮೇಲೆ ಎಂದು ಅವನು ಕಣ್ಣು ಮುಚ್ಚಿ ಹಾಡುತ್ತಿದ್ದ, ಅವಳು ಪುಸ್ತಕ ಹಿಡಿದು ಹೂಂಗುಟ್ಟುತ್ತಿದ್ದಳು. ಹೋಗುವ ದಾರಿಯನ್ನು ಎಲ್ಲರೂ ನೋಡಿ ಆಗಿತ್ತು. ವಾಪಸು ಬರುವ ದಾರಿಯನ್ನು ಯಾರೂ ನೋಡಿರಲಿಲ್ಲ. ಗಾಡಿಯ ಮೈಯಿಂದ ಎಂಜಿನ್ನಿಗೆ ವಾಪಸು ಬರುವ ದಾರಿ ಎಲ್ಲೋ ಕಿತ್ತುಹೋಗಿದ್ದರೆ, ಕರೆಂಟು ಸಿಕ್ಕಿದ್ದನ್ನು ಹಿಡಿದುಕೊಂಡು ಬರುತ್ತದೆ. ಆಕ್ಸಿಲರೇಟರ್ ಕೇಬಲ್ಲನ್ನು ಹಿಡಿದುಕೊಂಡು ಕೂಡ.

"ನೀವು ಈ ಕಪ್ಪು ಕಡ್ಡಿ ಹಿಡ್ಕೋತೀರಾ?" ಎಂದು ಅಕ್ಕ ತಮ್ಮನ ಮೀಟರನ್ನು ಎತ್ತಿಕೊಂಡಳು.

ಗ್ಯಾರೇಜಿನಲ್ಲಿದ್ದ ಇನ್ನೊಂದು ಬ್ಯಾಟರಿಯನ್ನು ತಗುಲಿಸಿ ಹೇಗೋ ಕಾರು ಸ್ಟಾರ್ಟ್ ಮಾಡಿ, ಆಮೇಲೆ ಅದನ್ನು ತೆಗೆದಿಟ್ಟರು. ಹೆಡ್‌ಲೈಟ್ ಹಾಕಿದರು. ಕೆಂಪು ದೀಪ ಎಂದಿನಂತೆ ಕಣ್ಣು ಬಿಟ್ಟಿತು. ವೈದ್ಯೆ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ ಒತ್ತಿ ಹಿಡಿದಳು. ಇಂಜೆಕ್ಷನ್ ಚುಚ್ಚಿ ರೂಢಿಯಾದ ಕೈ. ಅಕ್ಕ ಕೆಂಪು ಕಡ್ಡಿಯನ್ನು ಎಂಜಿನ್ನಿನ ಬರಿಯ ಲೋಹಕ್ಕೆ ತಾಗಿಸಿದಳು. ಎಲ್ಲ ಸರಿಯಿದ್ದರೆ ಸೊನ್ನೆ ಬರಬೇಕು. ಮೀಟರಿನ ಅಂಕಿ ಮುಂದೊಂದು ಮೈನಸ್ ಗೀಟು ಹಾಕಿಕೊಂಡು ಎರಡರ ಹತ್ತಿರ ನಿಂತಿತು.

"ಹದಿನಾಲ್ಕೂವರೆಯಲ್ಲಿ ಎರಡು ಕಳೆದ್ರೆ..." ಎಂದಳು ಅಕ್ಕ.

"ಹನ್ನೆರಡೂವರೆ," ಎಂದಳು ವೈದ್ಯೆ, ಶಾಲೆಯ ಹುಡುಗಿಯ ಹಾಗೆ.

ಅಕ್ಕ ಟಾರ್ಚ್ ಹಿಡಿದು ಬಗ್ಗಿ ಕೆಳಗೆ ನೋಡಿದಳು. ಗೇರುಪೆಟ್ಟಿಗೆಯ ಹಿಂದೆ, ಎಂಜಿನ್ನನ್ನೂ ಬಾಡಿಯನ್ನೂ ಸೇರಿಸುವ ತಾಮ್ರದ ಜಡೆ ಪಾಚಿ ಹಿಡಿದಂತೆ ಹಸಿರಾಗಿ, ನಾಲ್ಕೆಳೆಗಳ ಮೇಲೆ ಜೋತಾಡುತ್ತಿತ್ತು. ಅದು ತಂತಿಯೂ ಹೌದು, ಬೋಲ್ಟು ಹಾಕಿ ಬಿಗಿಯುವ ಸಾಮಾನೂ ಹೌದು. ಆದ್ದರಿಂದ ಈ ಗ್ಯಾರೇಜಿನಲ್ಲಿ ಅದು ಯಾರದ್ದೂ ಆಗಿರಲಿಲ್ಲ. ಅವಳು ಗೋಡೆಗೆ ನೇತುಹಾಕಿದ್ದ ದಪ್ಪ ಜಂಪರ್ ಕೇಬಲ್ ತಂದು ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಎಂಜಿನ್ನಿಗೂ ಕಚ್ಚಿಸಿದಳು.

ಕೆಂಪು ದೀಪ ಆರಿತು. ಹೆಡ್‌ಲೈಟು ಎದುರಿನ ಗೋಡೆಯ ಮೇಲೆ ಬಿಳಿಯಾಗಿ ಹೊಳೆಯಿತು. ಇಬ್ಬರು ಹೆಂಗಸರೂ ಆ ಗೋಡೆಯನ್ನೇ ಸಿನಿಮಾ ನೋಡುವವರ ಹಾಗೆ ನೋಡುತ್ತ ನಿಂತರು.

ಅಷ್ಟರಲ್ಲಿ ಒಂದು ಕಡೆಯಿಂದ ಸ್ಕೂಟರು, ಇನ್ನೊಂದು ಕಡೆಯಿಂದ ಬೈಕು ಬಂದು ನಿಂತವು. ಇಬ್ಬರ ಕಂಕುಳಲ್ಲೂ ಒಂದೊಂದು ಡಬ್ಬ. ಓಡುತ್ತಿರುವ ಎಂಜಿನ್, ಕಚ್ಚಿಕೊಂಡಿರುವ ಕೇಬಲ್, ಅಕ್ಕನ ಕೈಯಲ್ಲಿ ಮೀಟರು. ಇಬ್ಬರೂ ಒಟ್ಟಿಗೇ ಕೂಗಿದರು.

"ಯಾರು ಮುಟ್ಟಿದ್ದು?"

ಉತ್ತರಕ್ಕೆ ಕಾಯದೆ ಇಬ್ಬರೂ ಬಾನೆಟ್ಟಿನೊಳಗೆ ಬಗ್ಗಿದರು. ಒಂದೇ ಕಾರಿನೊಳಗೆ ಆ ಎರಡು ತಲೆಗಳು ಒಟ್ಟಿಗೆ ಹೋಗಿದ್ದನ್ನು ಅಕ್ಕ ನೋಡಿ ಎಷ್ಟು ಕಾಲವಾಗಿತ್ತೋ.

"ಅರ್ತಿಂಗ್ ಹೋಗಿದೆ!" ಎಂದ ತಮ್ಮ.

"ಅದು ನಿಂದು. ತಂತಿ," ಎಂದ ಗಂಡ.

"ನಿಮ್ಮದು ಭಾವ. ಗೇರ್‌ಬಾಕ್ಸಿಗೆ ಬಿಗಿದಿರೋದು. ಬೋಲ್ಟ್ ಹಾಕೋರು ನೀವು."

"ಅಲ್ಲಯ್ಯಾ, ಕೇಬಲ್ ಬೆಂದುಹೋಗಿದೆ, ಯಾಕೆ ನೋಡು ಅಂತ ಹೇಳಿ ಕಳ್ಸಿದ್ನಲ್ಲ, ಆಗಲೇ ಹೊಳೀಬೇಕಿತ್ತು ನಿನಗೆ!"

"ಯಾವಾಗ? ಕೇಬಲ್ ಹೊಸದು ಹಾಕಿದ್ರು ಅಂತ ಮಾತ್ರ ಹೇಳಿದ್ಲು ಅಕ್ಕ. ಬೆಂದಿತ್ತು ಅಂದಿದ್ರೆ ಅವತ್ತೇ ಹಿಡೀತಿದ್ದೆ!"

ಎರಡು ತಲೆಗಳೂ ನಿಧಾನವಾಗಿ ಅವಳ ಕಡೆ ತಿರುಗಿದವು. ಅಕ್ಕ ಮೀಟರನ್ನು ಬೆನ್ನ ಹಿಂದೆ ಸರಿಸಿದಳು.

"ನೀವು ಹೇಳಿದ್ದನ್ನ ಹಾಗೇ ಹೇಳೋಕಾಗುತ್ತಾ? ದೊಡ್ಡ ತಲೆ, ಅದು ಇದು ಅಂತ... ಜಗಳ ಆಗಬಾರದು ಅಂತ ಸ್ವಲ್ಪ ನಯ ಮಾಡಿ ಹೇಳ್ತಿದ್ದೆ."

"ಮತ್ತೆ ಆ ದಯವಿಟ್ಟು?" ಎಂದ ಗಂಡ.

"ನಾನೇ ಸೇರಿಸಿದ್ದು."

"ಉಪಕಾರ ಆಗುತ್ತೆ ಅನ್ನೋದು?"

"ಅದೂ."

ಗಂಡ ಡಬ್ಬವನ್ನು ನೆಲದ ಮೇಲಿಟ್ಟು ಅದರ ಮೇಲೆಯೇ ಕುಸಿದು ಕೂತ. "ಅಯ್ಯೋ ಮಾರಾಯ್ತಿ! ಬಿಡುವಾದಾಗ ದಯವಿಟ್ಟು ಅಂತ ಹೇಳಿ ಕಳಿಸ್ತಾನಲ್ಲ, ನಾನೇನು ಹೊರಗಿನವನಾ, ಬ್ಯಾಂಕಿನವನಾ ಅಂತ ಮೈಯೆಲ್ಲ ಉರೀತಿತ್ತು. ಇವನು ನನ್ನನ್ನ ಕೈಬಿಟ್ಟೇಬಿಟ್ಟ ಅಂದ್ಕೊಂಡಿದ್ದೆ. ಒಂದೇ ಒಂದು ಸಲ ಬೈದು ಕಳಿಸಿದ್ರೆ ನಾನೇ ಬಂದು ಮಾತಾಡಿಸ್ತಿದ್ದೆ."

"ನಾನಾ ಬೈದಿಲ್ಲ?" ತಮ್ಮನಿಗೆ ಅವಮಾನವಾದಂತೆ ಕಂಡಿತು. "ದಿನಾ ಬೈದಿದ್ದೀನಿ ಭಾವ! ಜ್ಯಾಕಿಗೆ ನಿಮ್ಮಪ್ಪನ ಆಸ್ತಿ ಅಂದೆ."

"ಹೌದಾ?" ಗಂಡನ ಮುಖ ಅರಳಿತು. "ಇನ್ನೇನಂದೆ?"

ತಮ್ಮ ಒಂದೊಂದಾಗಿ ಹೇಳತೊಡಗಿದ. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ, ತಾನಂದದ್ದನ್ನೂ ಹೇಳಿದ. ತಾಮ್ರದ ಹೊಸ ಜಡೆ ಕಟ್ಟಿ ಬಿಗಿಯುವಾಗಲೂ ಇಬ್ಬರೂ ಕಾರಿನ ಕೆಳಗೆ ಪಕ್ಕಪಕ್ಕ ಮಲಗಿ ಒಂದು ವರ್ಷದ ಬೈಗುಳಗಳ ಬಾಕಿಯನ್ನು ಒಬ್ಬರಿಗೊಬ್ಬರು ತೀರಿಸುತ್ತಿದ್ದರು. ಅಕ್ಕ ಅಷ್ಟು ಶ್ರದ್ಧೆಯಿಂದ ಆರಿಸಿ ಎಸೆದಿದ್ದ ಕಲ್ಲುಗಳನ್ನೆಲ್ಲ ಅವರು ಕಡಲೆಯ ಹಾಗೆ ಮೆಲ್ಲುತ್ತಿದ್ದರು.

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊನೆಗೆ ಸಿಟ್ಟು ಬಂತು. ಕಾರಿನ ಕಾಯಿಲೆ ಕಂಡುಹಿಡಿದವಳು ತಾನು, ಅದರ ಬಗ್ಗೆ ಒಬ್ಬನೂ ಒಂದು ಮಾತು ಆಡಲಿಲ್ಲ. ವೈದ್ಯೆ ಕಾರು ಹತ್ತಿದಾಗ ಗಂಡ ಕೈ ಒರೆಸಿಕೊಳ್ಳುತ್ತ, "ಇಬ್ಬರೂ ಕೂಡಿ ತಲೆ ಓಡಿಸಿದ್ರೆ ಆಗದೇ ಇರೋ ಕೆಲಸ ಯಾವುದಿದೆ ಮೇಡಂ" ಎಂದ. ವೈದ್ಯೆ ಕಿಟಕಿಯಿಂದ ಅಕ್ಕನನ್ನು ನೋಡಿ, "ಹೌದು, ಇಬ್ಬರೂ ಚೆನ್ನಾಗಿ ಕೆಲಸ ಮಾಡಿದ್ವಿ" ಎಂದು ಹೊರಟುಹೋದಳು. ಗಂಡ ಮತ್ತು ತಮ್ಮ ಆ ಹೊಗಳಿಕೆಯನ್ನು ಸಮಾನವಾಗಿ ಹಂಚಿಕೊಂಡರು.

ಅಂದಿನಿಂದ ಗ್ಯಾರೇಜಿನಲ್ಲಿ ಮಾತಿಗೆ ಬಿಡುವಿಲ್ಲ. ಬೆಳಿಗ್ಗೆ ಶಟರು ಎತ್ತಿದರೆ ಸಂಜೆ ಇಳಿಸುವ ತನಕ ಒಬ್ಬನ ಬಾಯಿ ನಿಂತರೆ ಇನ್ನೊಬ್ಬನದು. ಇಬ್ಬರೂ ಎಲ್ಲದರಲ್ಲೂ ಒಂದೇ ಅಭಿಪ್ರಾಯದವರಾದರು. ಅವರು ಕೂಡಿ ತೆಗೆದುಕೊಂಡ ಮೊದಲ ತೀರ್ಮಾನವೇ ಅಕ್ಕನ ಬಗ್ಗೆ: ಅವಳು ಇನ್ನು ಮುಂದೆ ಗಾಡಿ ಮುಟ್ಟಬಾರದು.

"ಶಾಕ್ ಗೀಕ್ ಹೊಡೆದ್ರೆ ಏನು ಗತಿ ಅಕ್ಕ," ಎಂದ ತಮ್ಮ.

"ಬೆಲ್ಟಿಗೆ ಸೆರಗು ಸಿಕ್ಕಿದ್ರೆ?" ಎಂದ ಗಂಡ.

"ಹನ್ನೆರಡು ವೋಲ್ಟಿಗೆ ಯಾವ ಶಾಕು?" ಎಂದಳು ಅಕ್ಕ. ಇಬ್ಬರೂ ಕನಿಕರದಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಎರಡನೆಯ ತೀರ್ಮಾನ, ಅವಳ ಕೌಂಟರಿಗೂ ಕೆಲಸದ ಜಾಗಕ್ಕೂ ನಡುವೆ ಗಾಜಿನ ಗೋಡೆ. ಧೂಳು, ಹೊಗೆ, ಗಲಾಟೆ ಯಾವುದೂ ಅವಳಿಗೆ ತಾಗಬಾರದಂತೆ. ಒಂದು ಭಾನುವಾರ ಇಬ್ಬರೂ ಸೇರಿ ಚೌಕಟ್ಟು ನಿಲ್ಲಿಸಿ ಗಾಜು ಕೂರಿಸಿದರು. ಅಕ್ಕ ಮೊದಲು ಮುಖ ಊದಿಸಿಕೊಂಡು ಕೂತಳು. ಆಮೇಲೆ ನೋಡಿದರೆ ಒಳಗೆ ತಂಪಾಗಿತ್ತು. ಯಾರೂ "ಹೇಳು ಅವನಿಗೆ" ಅನ್ನುತ್ತಿರಲಿಲ್ಲ. ಚಹಾ ಬಿಸಿ ಇರುವಾಗಲೇ ಪೂರ್ತಿ ಕುಡಿದು ಮುಗಿಸುವುದು ಸಾಧ್ಯ ಎಂಬುದೇ ಅವಳಿಗೆ ಮರೆತುಹೋಗಿತ್ತು.

ಕೊನೆಗೆ ಬಾಗಿಲೊಂದು ಉಳಿಯಿತು. ಅದು ಎಡಕ್ಕೆ ತೆರೆಯಬೇಕೆಂದು ಗಂಡ, ಬಲಕ್ಕೆ ತೆರೆಯಬೇಕೆಂದು ತಮ್ಮ. ಬಾಗಿಲನ್ನು ಇಬ್ಬರೂ ಒಂದೊಂದು ಕಡೆ ಹಿಡಿದುಕೊಂಡೇ ವಾದ ಮಾಡಿದರು. ದನಿ ಏರಿತು, ಕತ್ತಿನ ನರಗಳು ಉಬ್ಬಿದವು. ಕಡೆಗೆ ಬಾಗಿಲನ್ನು ಗೋಡೆಗೆ ಒರಗಿಸಿ ಇಬ್ಬರೂ ಗಾಜಿನ ಹತ್ತಿರ ಬಂದರು. ಗಂಡ ತಮ್ಮನ ಕಡೆ ಬೆರಳು ತೋರಿಸಿ ಏನೋ ಹೇಳಿದ. ತಮ್ಮ ಗಂಡನ ಕಡೆ ಬೆರಳು ತೋರಿಸಿ ಏನೋ ಹೇಳಿದ.

ಬಾಗಿಲ ಜಾಗ ಪೂರ್ತಿ ತೆರೆದೇ ಇತ್ತು. ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಅಕ್ಕ ಕಿವಿಯ ಹತ್ತಿರ ಕೈ ಒಯ್ದು, ಕೇಳಿಸುತ್ತಿಲ್ಲ ಎಂದು ತಲೆಯಾಡಿಸಿದಳು. ಆಮೇಲೆ ಲೋಟ ಎತ್ತಿಕೊಂಡು ಕುರ್ಚಿಯನ್ನು ಬೀದಿಯ ಕಡೆ ತಿರುಗಿಸಿಕೊಂಡಳು.